ಕರ್ಕಿಯ ಆಟ ಮುಂಬಯಿಯಲ್ಲಿ ಟಿಕೆಟ್ ಆದ ಕತೆ

ಇವತ್ತು ಒಂದು ಹಳೇ ಹಿಂದಿ ಸಿನಿಮಾದಿಂದ ಶುರು ಮಾಡ್ತೀನಿ. 1951ರ ‘ಅಲ್ಬೇಲಾ’. ಯೂಟ್ಯೂಬಲ್ಲಿ ಅದರ ಹಾಡು ನೋಡಿದ್ರೆ ಪರದೆ ಮೇಲೇ ಒಂದು ಬ್ಯಾಂಡ್ ಕಾಣುತ್ತೆ. ಅದು ಚಿಕ್ ಚಾಕಲೇಟ್ ಅವರದ್ದು. ನಿಜವಾದ ಹೆಸರು ಆಂಟೋನಿಯೊ ಝೇವಿಯರ್ ವಾಝ್, ಗೋವಾದವರು, ಮುಂಬಯಿಯ ತಾಜ್ ಹೋಟೆಲಲ್ಲಿ ಟ್ರಂಪೆಟ್ ಊದ್ತಿದ್ದವರು. 1935ರಲ್ಲಿ ಅಮೆರಿಕದ ಲಿಯಾನ್ ಆ್ಯಬಿ ತಂಡ ತಾಜ್‌ಗೆ ಜಾಝ್ ತಂತು. ಗೋವಾದ ಹುಡುಗರು ಅದನ್ನ ಕಲಿತು ರಾತ್ರಿ ಹೋಟೆಲಲ್ಲಿ, ಹಗಲು ಸಿನಿಮಾ ಸ್ಟುಡಿಯೋದಲ್ಲಿ ನುಡಿಸಿದ್ರು. ಆದರೆ ಟೈಟಲ್ ಕಾರ್ಡಲ್ಲಿ ‘ಸಂಗೀತ’ ಅಂತ ಬರ್ತಿದ್ದದ್ದು ಸಂಗೀತ ನಿರ್ದೇಶಕರ ಹೆಸರು ಮಾತ್ರ.

ಕರಾವಳಿಯ ಕಲೆ ಮುಂಬಯಿಗೆ ಹೋಗಿ ಆ ಊರಿನ ರಾತ್ರಿಯನ್ನ ಬದಲಾಯಿಸಿದ್ದು ಅದೇ ಮೊದಲಲ್ಲ. ಅದಕ್ಕೂ ಸುಮಾರು 90 ವರ್ಷ ಹಿಂದಿನ, ನಮ್ಮ ಹೊನ್ನಾವರದ ಕತೆ ಒಂದಿದೆ.

ಭಟ್ಕಳದಿಂದ ಕುಮಟಾಕ್ಕೆ ಬಸ್ಸಲ್ಲಿ ಹೋಗೋರಿಗೆ ಹೊನ್ನಾವರ ದಾಟಿದ ಕೂಡಲೇ ಸಿಗುವ ಊರು ಕರ್ಕಿ. ಯಕ್ಷಗಾನದಲ್ಲಿ ಅದು ದೊಡ್ಡ ಹೆಸರು. ಹಾಸ್ಯಗಾರ ಮನೆತನ ಅಲ್ಲಿಯದೇ. 1842ರಲ್ಲಿ ಸಾಂಗ್ಲಿಯ ರಾಜ ಚಿಂತಾಮಣರಾವ್ ಪಟವರ್ಧನರ ಮುಂದೆ ಕರ್ನಾಟಕದ ಒಂದು ಭಾಗವತ ಮೇಳ ಆಟ ಆಡಿತು. ಅದು ಕರ್ಕಿ ಮೇಳ ಅನ್ನೋದು ಯಕ್ಷಗಾನ ವಿದ್ವಾಂಸರ ಮಾತು. ಆಗ ಹೊನ್ನಾವರ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ರೈಲು ಇಲ್ಲ. ವೇಷದ ಪೆಟ್ಟಿಗೆ ಹೊತ್ತು ಘಟ್ಟ ಹತ್ತಿ ಅಲ್ಲಿಗೆ ಹೋಗೋದಂದ್ರೆ ಸಣ್ಣ ಕೆಲಸ ಅಲ್ಲ.

ರಾಜರಿಗೆ ಆಟ ಹಿಡಿಸಿತು. ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ ಎಂಬ ಯುವಕನಿಗೆ, ಇದನ್ನ ಇನ್ನಷ್ಟು ತಿದ್ದಿ ಮರಾಠಿಯಲ್ಲಿ ಮಾಡು ಅಂದರಂತೆ. 1843ರ ನವೆಂಬರ್ 5ರಂದು ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಇವತ್ತಿಗೂ ಮಹಾರಾಷ್ಟ್ರದಲ್ಲಿ ಆ ದಿನವೇ ಮರಾಠಿ ರಂಗಭೂಮಿ ದಿನ.

ಆ ನಾಟಕ ಹೇಗಿತ್ತು ಗೊತ್ತಾ? ಮೊದಲು ಗಣಪತಿ ಪೂಜೆ. ಆಮೇಲೆ ಸೂತ್ರಧಾರ ನಿಂತು ಕತೆಯನ್ನೆಲ್ಲ ಪದ್ಯದಲ್ಲಿ ಹಾಡ್ತಾನೆ, ನಗಿಸೋಕೆ ವಿದೂಷಕ ಇದ್ದಾನೆ. ಪಾತ್ರಧಾರಿಗಳ ಗದ್ಯ ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಿಸಿ ಆಡೋದು. ನಮ್ಮ ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ! ಸೂತ್ರಧಾರ ಅಂದ್ರೆ ಭಾಗವತ, ವಿದೂಷಕ ಅಂದ್ರೆ ಹಾಸ್ಯಗಾರ, ಆ ಗದ್ಯವೇ ‘ಅರ್ಥ’. ರಾಕ್ಷಸ ವೇಷಗಳ ಅಬ್ಬರ ನೋಡಿ ಮುಂದೆ ಮರಾಠಿಗರೇ ಇವಕ್ಕೆ ‘ಅಲಲಡುರ್ರ್’ ನಾಟಕ ಅಂತ ಅಡ್ಡಹೆಸರು ಇಟ್ಟರು. ಹಾಡು ಗಟ್ಟಿ, ನಡುವಿನ ಆಟ ಆ ಕ್ಷಣದ್ದು. ಜಾಝ್ ಕೇಳೋರು ಇದನ್ನ ಬೇಗ ಹಿಡೀತಾರೆ ಅಂತ ನನಗನ್ನಿಸುತ್ತೆ.

ನನಗೆ ನಿಜವಾಗಿ ಕುತೂಹಲ ಇರೋದು ಮುಂದಿನ ಭಾಗದಲ್ಲಿ, ಅಂದ್ರೆ ದುಡ್ಡಿನ ವಿಷಯದಲ್ಲಿ. 1851ರಲ್ಲಿ ಚಿಂತಾಮಣರಾವ್ ತೀರಿಕೊಂಡರು. ಅರಮನೆಯ ಆಸರೆ ತಪ್ಪಿತು. ತಂಡ ಸಾಕಬೇಕಲ್ಲ? ಭಾವೆ ಊರೂರು ತಿರುಗಿ 1853ರಲ್ಲಿ ಮುಂಬಯಿಯ ಗ್ರ್ಯಾಂಟ್ ರೋಡ್ ಥಿಯೇಟರ್‌ಗೆ ಬಂದರು. ಜಗನ್ನಾಥ ಶಂಕರಶೇಟ್ ಮುಂದೆ ನಿಂತು ಕಟ್ಟಿಸಿದ್ದ ಈ ಥಿಯೇಟರ್ 1846ರಿಂದ ನಡೀತಿತ್ತು. ಇಂಗ್ಲಿಷ್ ನಾಟಕ ಆಡ್ತಿದ್ದ ಜಾಗ. ಅಲ್ಲಿ ಟಿಕೆಟ್ ಇಟ್ಟು ಮರಾಠಿ ಆಟ! ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ಯಾಸೆಂಜರ್ ರೈಲು ಓಡಿದ್ದೂ ಅದೇ ವರ್ಷ. ಗದ್ದೆಯಲ್ಲಿ ಪುಕ್ಕಟೆ ನೋಡ್ತಿದ್ದ ಆಟದ ಮೊಮ್ಮಗು ಅನ್ನಿ, ನಗರದಲ್ಲಿ ಬಾಗಿಲಲ್ಲಿ ಕಾಸು ಕೊಟ್ಟು ಒಳಗೆ ಹೋಗಿ ನೋಡೋ ಚೀಜು ಆಯ್ತು. ಮುಂದೆ ಪಾರ್ಸಿ ತಂಡಗಳೂ ಅದೇ ಗ್ರ್ಯಾಂಟ್ ರೋಡಲ್ಲಿ ಬೆಳೆದವು.

ಇದರ ವ್ಯಂಗ್ಯ ಗದಗದಲ್ಲಿ ಕಾಣುತ್ತೆ. ಮರಾಠಿ ಕಂಪನಿಗಳು ಧಾರವಾಡ ಸೀಮೆಗೆ ಬಂದು ಎಷ್ಟು ಜನರನ್ನ ಸೆಳೆದವು ಅಂದ್ರೆ, ಕನ್ನಡದ ಗತಿ ಏನು ಅಂತ ಶಾಂತಕವಿಗಳಿಗೆ ಸಂಕಟ ಆಯ್ತು. 1870ರ ದಶಕದಲ್ಲಿ ಅವರು ಗದಗದಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಅವರು ಯಾವುದರ ಎದುರು ನಿಂತರೋ ಅದರ ಬೇರು ಹೊನ್ನಾವರದಲ್ಲಿತ್ತು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಗಡಿ ಅನ್ನೋದು ಆಗ ಈಗಿನಷ್ಟು ಗಟ್ಟಿ ಇರಲಿಲ್ಲ ಬಿಡಿ.

ಭಾವೆ ಹೆಸರಲ್ಲಿ ಸಾಂಗ್ಲಿಯಲ್ಲಿ ನಾಟ್ಯಮಂದಿರ ಇದೆ, ನವಿ ಮುಂಬಯಿಯ ವಾಶಿಯಲ್ಲೂ ಒಂದಿದೆ. ಪ್ರತಿ ನವೆಂಬರ್ 5ಕ್ಕೆ ಅವರ ಹೆಸರಿನ ಗೌರವ ಪದಕ ಕೊಡ್ತಾರೆ. ಅದು ನ್ಯಾಯವೇ, ಆ ಮನುಷ್ಯ ಅಷ್ಟು ದುಡಿದಿದ್ದಾನೆ. ಆದರೆ ಅವರಿಗೆ ದಾರಿ ತೋರಿಸಿದವರ ಬಗ್ಗೆ ಸಾಮಾನ್ಯವಾಗಿ ಓದೋಕೆ ಸಿಗೋದು ಎರಡೇ ಪದ: ‘ಭಾಗವತ ಮಂಡಳಿ’. ಮದ್ದಳೆ ಬಾರಿಸಿದ್ದು ಯಾರು, ಸೀತೆಯೋ ರಾವಣನೋ ಆಗಿ ಕುಣಿದದ್ದು ಯಾರು, ಆ ಸಾಲಲ್ಲಿ ಬರೋದಿಲ್ಲ. ಚಿಕ್ ಚಾಕಲೇಟ್‌ಗೆ ಕೊನೇಪಕ್ಷ ಸಿನಿಮಾದಲ್ಲಿ ಮುಖ ಉಳಿದಿದೆ.

ಮುಂದಿನ ವಾರ ಹೊನ್ನಾವರದಲ್ಲೇ ಇರೋಣ, ಗುಣವಂತೆಗೆ ಹೋಗೋಣ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಕತೆ. ಅಲ್ಲಿ ಹೆಸರುಗಳು ಬೇಕಾದಷ್ಟಿವೆ.