ಕಡಲ ಮೇಲೆ ಎಂಟು ಸೇತುವೆಗಳ ರಸ್ತೆ

ನಾರ್ವೆಯ ಪಶ್ಚಿಮ ಕರಾವಳಿಯ ಕ್ರಿಸ್ಟಿಯನ್‌ಸುಂಡ್ ಅಥವಾ ಮೋಲ್ಡೆ ಬಂದರಿಗೆ ವಿಹಾರ ನೌಕೆ ಬಂದು ನಿಂತಾಗ, ಕೆಲವು ಪ್ರವಾಸಿಗರು ಊರು ಸುತ್ತುವ ಗೋಜಿಗೆ ಹೋಗುವುದಿಲ್ಲ. ಮಾರ್ಗದರ್ಶಕನೊಬ್ಬನನ್ನು ಗೊತ್ತುಮಾಡಿಕೊಂಡು ಕಾರು ಹತ್ತುತ್ತಾರೆ. ಅವರು ನೋಡಹೊರಟಿರುವುದು ಕೋಟೆಯನ್ನಲ್ಲ, ಅರಮನೆಯನ್ನಲ್ಲ, ಒಂದು ರಸ್ತೆಯನ್ನು!

ಅದರ ಹೆಸರು ಅಟ್ಲಾಂಟಿಕ್ ಸಾಗರ ರಸ್ತೆ. ಅವೆರೊಯ್ ದ್ವೀಪವನ್ನು ಮುಖ್ಯಭೂಮಿಗೆ ಜೋಡಿಸುವ ಈ ರಸ್ತೆಯ ಉದ್ದ 8 ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೆ. ಚಿಕ್ಕಪುಟ್ಟ ನಡುಗಡ್ಡೆಗಳನ್ನೇ ಮೆಟ್ಟಿಲು ಮಾಡಿಕೊಂಡು, 8 ಸೇತುವೆಗಳ ಮೇಲೆ ಅದು ಕಡಲು ದಾಟುತ್ತದೆ. ಇವುಗಳಲ್ಲಿ ಸ್ಟೋರ್‌ಸೈಸುಂಡೆಟ್ ಸೇತುವೆಯೇ ಹಿರಿಯದು: ಉದ್ದ 260 ಮೀಟರ್, ನೀರಿನಿಂದ ಎತ್ತರ 23 ಮೀಟರ್. ಏರುತ್ತಲೇ ಬಳುಕಿ ತಿರುಗುವ ಈ ಸೇತುವೆ, ಒಂದು ಕೋನದಿಂದ ನೋಡಿದವರಿಗೆ ಆಕಾಶದಲ್ಲೇ ತುಂಡಾದಂತೆ ಕಾಣುತ್ತದೆ.

ಆದರೆ ಈ ರಸ್ತೆ ಹುಟ್ಟಿದ್ದು ಪ್ರವಾಸಿಗರಿಗಾಗಿ ಅಲ್ಲ. ದ್ವೀಪದ ಜನರ ಹೋಗಿಬರುವಿಕೆ ದೋಣಿ, ಫೆರಿಗಳನ್ನೇ ನೆಚ್ಚಿಕೊಂಡಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ರೈಲು ಹಾದಿ ಹಾಕುವ ಪ್ರಸ್ತಾಪ ಬಂದು ಬಿದ್ದುಹೋಯಿತು. 1970ರ ದಶಕದಲ್ಲಿ ರಸ್ತೆಯ ಯೋಜನೆ ಗಂಭೀರವಾಗಿ ರೂಪುಗೊಂಡು, 1983ರ ಆಗಸ್ಟ್‌ನಲ್ಲಿ ಕಾಮಗಾರಿ ಶುರುವಾಯಿತು.

ಪ್ರಕೃತಿ ಸುಲಭವಾಗಿ ಒಪ್ಪಲಿಲ್ಲ. ಕೆಲಸ ನಡೆದ 6 ವರ್ಷಗಳಲ್ಲಿ 12 ಭಾರೀ ಬಿರುಗಾಳಿಗಳು ಬಂದೆರಗಿದವು. ಕೊನೆಗೂ 1989ರ ಜುಲೈ 7ರಂದು ರಸ್ತೆ ಸಂಚಾರಕ್ಕೆ ತೆರೆಯಿತು. ತಗುಲಿದ ವೆಚ್ಚ 12 ಕೋಟಿ 20 ಲಕ್ಷ ನಾರ್ವೇಜಿಯನ್ ಕ್ರೋನರ್. ಇದರಲ್ಲಿ ಕಾಲು ಭಾಗವನ್ನು ವಾಹನಗಳ ಸುಂಕದಿಂದ ತುಂಬಬೇಕಿತ್ತು. ಉಳಿದದ್ದು ಸರ್ಕಾರದ ಅನುದಾನ.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಸುಂಕ ವಸೂಲಿಗೆ 15 ವರ್ಷ ಬೇಕೆಂದು ಲೆಕ್ಕ ಹಾಕಲಾಗಿತ್ತು. ಆದರೆ 1999ರ ಜೂನ್ ವೇಳೆಗೇ, ಅಂದರೆ 10 ವರ್ಷಗಳಲ್ಲೇ, ಸಾಲ ತೀರಿತು. ಸಾಲ ತೀರಿದ ಮೇಲೆ ವಸೂಲಿಯೂ ನಿಂತಿತು. ಗಡುವು ಇನ್ನೂ 5 ವರ್ಷವಿದೆಯಲ್ಲ ಎಂದು ಸುಂಕದ ಕಟ್ಟೆಯನ್ನು ಉಳಿಸಿಕೊಳ್ಳಲಿಲ್ಲ!

ಮುಂದೆ 2005ರಲ್ಲಿ ಇದಕ್ಕೆ ನಾರ್ವೆಯ 'ಶತಮಾನದ ನಿರ್ಮಾಣ' ಎಂಬ ಗೌರವ ಸಂದಿತು. 2009ರ ಡಿಸೆಂಬರ್‌ನಲ್ಲಿ ಅವೆರೊಯ್ ಮತ್ತು ಕ್ರಿಸ್ಟಿಯನ್‌ಸುಂಡ್ ನಡುವೆ ಕಡಲಡಿಯ ಸುರಂಗ ತೆರೆದ ಮೇಲೆ ಅಲ್ಲಿನ ಫೆರಿಯೂ ನಿಂತಿತು. 2021ರಲ್ಲಿ ತೆರೆಕಂಡ ಜೇಮ್ಸ್ ಬಾಂಡ್ ಚಿತ್ರದಲ್ಲೂ ಈ ರಸ್ತೆ ಕಾಣಿಸಿಕೊಂಡಿತು.

ರಸ್ತೆ ಬಂದ ಮಾತ್ರಕ್ಕೆ ಕಡಲು ಮಣಿಯಿತೆಂದು ತಿಳಿಯಬೇಕಿಲ್ಲ. ಪಕ್ಕದಲ್ಲೇ ಇರುವುದು ಹುಸ್ತಾದ್‌ವಿಕಾ ಎಂಬ, ನಾವಿಕರು ಅಂಜುವ ತೆರೆದ ಕಡಲು. 2019ರ ಮಾರ್ಚ್ 23ರಂದು 'ವೈಕಿಂಗ್ ಸ್ಕೈ' ಎಂಬ ವಿಹಾರ ನೌಕೆಯ ಎಂಜಿನುಗಳು ಬಿರುಗಾಳಿಯ ನಡುವೆ ಇಲ್ಲಿಯೇ ನಿಂತುಹೋದವು. ಹಡಗಿನಲ್ಲಿದ್ದವರು 1,373 ಮಂದಿ. ಅವರಲ್ಲಿ 479 ಜನರನ್ನು ಒಬ್ಬೊಬ್ಬರನ್ನಾಗಿ ಹೆಲಿಕಾಪ್ಟರಿಗೆ ಎತ್ತಿ ದಡ ಮುಟ್ಟಿಸಲಾಯಿತು. ಹಡಗು ಮರುದಿನ ಮೋಲ್ಡೆ ಬಂದರು ಸೇರಿತು.

ಅರ್ಧ ದಿನಕ್ಕೆಂದು ಇಳಿದ ಪ್ರವಾಸಿಗ ಫೋಟೋ ತೆಗೆದುಕೊಂಡು ಹಡಗಿಗೆ ಮರಳುತ್ತಾನೆ. ಅಂಥದೇ ಬಿರುಗಾಳಿಗಳನ್ನು ಸಹಿಸಿ ಈ ರಸ್ತೆಯನ್ನು ಕಟ್ಟಿದರು. ಸುಂಕ ತೆತ್ತು ಅದರ ಸಾಲ ತೀರಿಸಿದವರಲ್ಲಿ ದಿನವೂ ಹಾದುಹೋಗುವ ದ್ವೀಪದ ಜನರೂ ಇದ್ದರು. ಸೇತುವೆಯ ಚೆಲುವಿಗೆ ಬೆರಗಾಗುವವರು ಇದನ್ನೂ ನೆನೆದರೆ ಚೆನ್ನ.