ಹವ್ಯಾಸಿ ವಿಮಾನಗಳ ನಿಯಂತ್ರಣ ಫಲಕಗಳ ಮೇಲಿನ ಗಾಳಿಯ ಹರಿವು

ಏಲರಾನ್, ಎಲಿವೇಟರ್, ರಡ್ಡರ್ ವಿಮಾನವನ್ನು ಹೊರಳಿಸುವ, ಏರಿಳಿಸುವ, ತಿರುಗಿಸುವ ಫಲಕಗಳು. ಗಾಳಿ ಮೈಗಂಟಿ ಹರಿಯುವವರೆಗೆ ಮಾತ್ರ ಇವು ಪೈಲಟ್‌ನ ಮಾತು ಕೇಳುತ್ತವೆ. ಮೇಲ್ಮೈಗೆ ತಾಗಿದ ನಿಧಾನಗತಿಯ ತೆಳು ಪದರವನ್ನು ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ವಿವರಿಸಿದರು. ಆ ಪದರ ಸೋತು ಮೈಬಿಟ್ಟರೆ ಫಲಕವನ್ನು ಎಷ್ಟು ಬಾಗಿಸಿದರೂ ಫಲ ಅಷ್ಟಕ್ಕಷ್ಟೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಹತ್ತಿರದ ಉದಾಹರಣೆ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ಕಟ್ಟಿ 1987ರಲ್ಲಿ ಹಾರಿಸಿದ ಹಗುರ ಕನಾರ್ಡ್ ಸಂಶೋಧನಾ ವಿಮಾನ. ಇದರ ಮೂಲ, ಅಮೆರಿಕದ ಬರ್ಟ್ ರೂಟನ್ ಹವ್ಯಾಸಿಗಳಿಗೆಂದೇ ರೂಪಿಸಿದ ಲಾಂಗ್ ಈಜಿ (1979). ಫೋಮನ್ನು ಬಿಸಿ ತಂತಿಯಿಂದ ಕತ್ತರಿಸಿ, ಗಾಜಿನ ನಾರಿನ ಬಟ್ಟೆ ಹೊದಿಸಿ, ಎಪಾಕ್ಸಿ ಬಳಿದು ಕಟ್ಟುವ ವಿಮಾನವದು. ಎಲಿವೇಟರ್ ಬಾಲದಲ್ಲಿಲ್ಲ, ಮೂತಿಯ ಕಿರುರೆಕ್ಕೆಯ (ಕನಾರ್ಡ್) ಹಿಂದಂಚಿನಲ್ಲಿದೆ.

ನುಣುಪೇ ಇದರ ಬಲ, ಇದರ ದೌರ್ಬಲ್ಯವೂ ಹೌದು. ಗ್ಲಾಸ್ಗೋ ವಿಶ್ವವಿದ್ಯಾಲಯ ರೂಪಿಸಿದ ಅಡ್ಡಕೊಯ್ತದ ಮೊದಲ ಕಿರುರೆಕ್ಕೆಯ ಮೇಲೆ ಮಳೆಹನಿ ಕೂತರೆ ಹರಿವು ಕದಡಿ ಎತ್ತುವ ಬಲ ಕುಗ್ಗುತ್ತಿತ್ತು, ಮೂತಿ ಬಾಗುತ್ತಿತ್ತು, ಪೈಲಟ್ ಕೋಲನ್ನು ಹಿಂದಕ್ಕೆಳೆದು ಹಿಡಿಯಬೇಕಾಗುತ್ತಿತ್ತು. ಜಾನ್ ರಾಂಜ್ ರೂಪಿಸಿದ ಹೊಸ ಅಡ್ಡಕೊಯ್ತ ಈ ಕಾಟವನ್ನು ಬಹುಮಟ್ಟಿಗೆ ನೀಗಿಸಿತು. ಹಳೆಯ ರೆಕ್ಕೆಯನ್ನೇ ಉಳಿಸಿಕೊಂಡ ಕೆಲವರು ಅದರ ಬೆನ್ನಿಗೆ ಸುಳಿಜನಕಗಳನ್ನು, ಅಂದರೆ ಗಾಳಿಗೆ ಓರೆಯಾಗಿ ನಿಲ್ಲುವ ಉಗುರಗಲದ ತಗಡುಗಳನ್ನು, ಸಾಲಾಗಿ ಅಂಟಿಸಿದರು. ಇವು ಎಬ್ಬಿಸುವ ಸುಳಿ ಮೇಲಿನ ಚುರುಕು ಗಾಳಿಯನ್ನು ಸೋತ ಪದರದೊಳಕ್ಕೆ ತಿರುವುತ್ತದೆ. 1940ರ ದಶಕದಲ್ಲೇ ಅಮೆರಿಕದಲ್ಲಿ ಹುಟ್ಟಿದ ಉಪಾಯವಿದು.

ಇದಕ್ಕಿಂತ ಅಗ್ಗದ ಉಪಾಯ ಕೀಲಿನ ಸಂದು ಮುಚ್ಚುವುದು. ಕೆಳಗಿನ ಹೆಚ್ಚು ಒತ್ತಡದ ಗಾಳಿ ಆ ಸಂದಿನಿಂದ ಮೇಲಕ್ಕೆ ಸೋರಿ ಫಲಕದ ಹಿಡಿತವನ್ನು ಸಡಿಲಿಸುತ್ತದೆ. ಒಂದು ಪಟ್ಟಿ ಟೇಪು ಸಾಕು. ಆದರೆ ಲಾಂಗ್ ಈಜಿಯ ಎಲಿವೇಟರ್ ಸಂದು ಬೇಕೆಂದೇ ಬಿಟ್ಟದ್ದು, ಗಾಳಿಯನ್ನು ಅಲ್ಲಿಂದ ಹಾಯಿಸಲೆಂದೇ. ಕಂಡ ಸಂದನ್ನೆಲ್ಲ ಮುಚ್ಚುವ ಉತ್ಸಾಹಿಗಳು ಇದನ್ನು ಗಮನಿಸಬೇಕು. ಫಲಕಕ್ಕೆ ಬಣ್ಣವನ್ನೋ ಟೇಪನ್ನೋ ಹೇರಿದರೆ ತೂಕದ ಸಮತೋಲ ತಪ್ಪಿ, ವೇಗದಲ್ಲಿ ಫಲಕ ಅದುರುವ ಅಪಾಯವೂ ಉಂಟು.

ಎನ್‌ಎಎಲ್‌ನ ಸಂಯುಕ್ತ ವಸ್ತುಗಳ ಅನುಭವ ಮುಂದೆ ಎರಡು ಸೀಟಿನ ಹಂಸ ತರಬೇತಿ ವಿಮಾನದಲ್ಲಿ ನೆರವಿಗೆ ಬಂತು. ಹಂಸ-3ಕ್ಕೆ 2000ದಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಪ್ರಮಾಣಪತ್ರ ಸಿಕ್ಕಿತು. ಬೆಂಗಳೂರಿನದೇ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ಕಿಟ್‌ಗಳದು ಬೇರೆಯೇ ಜಾತಿ: ಅಲ್ಯೂಮಿನಿಯಂ ಕೊಳವೆ, ಮೇಲೆ ಬಟ್ಟೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಬೇಸಿಗೆಯಲ್ಲಿ ಹಾರುವವರಿಗೆ ಈ ಲೆಕ್ಕ ಇನ್ನಷ್ಟು ಬಿಗಿ. ಒತ್ತಡ ಒಂದೇ ಇದ್ದರೂ 15 ಡಿಗ್ರಿಯ ಗಾಳಿಗಿಂತ 40 ಡಿಗ್ರಿಯ ಗಾಳಿ ಸುಮಾರು ಶೇ. 8ರಷ್ಟು ತೆಳು. ಹಾಗಾಗಿ ನೆಲ ಮುಟ್ಟುವ ವೇಗ ಹೆಚ್ಚುತ್ತದೆ, ಓಟವೂ ಉದ್ದವಾಗುತ್ತದೆ. ಸುಳಿಜನಕ ಸ್ಟಾಲ್ ವೇಗವನ್ನು, ಅಂದರೆ ಹರಿವು ರೆಕ್ಕೆಯ ಮೈಬಿಡುವ ವೇಗವನ್ನು, ತುಸು ಇಳಿಸಿ ಹೆಚ್ಚಿದ ಓಟದಲ್ಲಿ ಕೊಂಚ ಉಳಿಸಬಲ್ಲದು. ತೆಳು ಗಾಳಿಯಲ್ಲಿ ಎಂಜಿನ್ ಕಳೆದುಕೊಳ್ಳುವ ಕಸುವಿಗೆ ಮಾತ್ರ ಹೊರೆ ಇಳಿಸುವುದೇ ದಾರಿ.