ಕ್ಯಾಮೆರಾ ಬಂದ ಮೇಲೆ ಟ್ರಾಫಿಕ್ ಪೊಲೀಸರ ಕೆಲಸ

ರಸ್ತೆಯಲ್ಲಿ ಕ್ಯಾಮೆರಾ ಬಂದ ಕಥೆಯನ್ನು ನಾವು ಸಾಮಾನ್ಯವಾಗಿ ತಂತ್ರಜ್ಞಾನದ ಕಥೆಯೆಂದು ಓದುತ್ತೇವೆ. ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಅದು ಒಂದು ಕಸುಬು ಒಡೆದುಹೋದ ಕಥೆಯಾಗಿ ಕಾಣುತ್ತದೆ. ಮೊದಲು ತಪ್ಪು ಮಾಡಿದ್ದನ್ನು ನೋಡುವವನು, ಗಾಡಿ ತಡೆಯುವವನು, ಸವಾರನ ಮಾತು ಕೇಳಿ ದಂಡದ ರಸೀದಿ ಹರಿಯುವವನು ಒಬ್ಬನೇ ಪೇದೆಯಾಗಿದ್ದ. ಕ್ಯಾಮೆರಾ ಈ ಮೂರು ಕೆಲಸಗಳನ್ನು ಬೇರೆ ಮಾಡಿತು.

ಬೆಂಗಳೂರಿನಲ್ಲಿ ಬಿ-ಟ್ರ್ಯಾಕ್ 2010 ಯೋಜನೆಯಿಂದ ವೃತ್ತಗಳ ದೃಶ್ಯ ನಿಯಂತ್ರಣ ಕೊಠಡಿಗೆ ಬರತೊಡಗಿತು. ಅಲ್ಲಿ ಕೂತು ನೋಡಲು ಮನುಷ್ಯರೇ ಬೇಕಿತ್ತು. 2022ರ ಡಿಸೆಂಬರ್‌ನಲ್ಲಿ 50 ವೃತ್ತಗಳಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳೂ ಸಿಗ್ನಲ್ ಹಾರಿದವರನ್ನು ಹಿಡಿಯುವ 80 ಕ್ಯಾಮೆರಾಗಳೂ ಇದ್ದವು. ಅದೇ ವರ್ಷದ ಜೂನ್‌ನಲ್ಲಿ, ಬರೀ ಕಾಗದಪತ್ರ ನೋಡಲೆಂದು ವಾಹನ ತಡೆಯಬಾರದೆಂದು ಆಗಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಸೂಚಿಸಿದ್ದರು.

ಇದಕ್ಕೆ ಕಾನೂನಿನ ತಳಹದಿ 2019ರ ಮೋಟಾರು ವಾಹನ ತಿದ್ದುಪಡಿಯ 136ಎ ಕಲಂ. 2021ರ ನಿಯಮಗಳು ಕ್ಯಾಮೆರಾ ಇರುವಲ್ಲಿ ಎಚ್ಚರಿಕೆಯ ಫಲಕ ಇರಬೇಕು, 15 ದಿನಗಳೊಳಗೆ ನೋಟಿಸು ಹೋಗಬೇಕು ಎಂದವು. ಪೊಲೀಸರು ಎದೆಗೆ ಸಿಕ್ಕಿಸಿಕೊಳ್ಳುವ ಕ್ಯಾಮೆರಾವೂ ಅದೇ ಪಟ್ಟಿಯಲ್ಲಿತ್ತು. ಅಂದರೆ ದಂಡ ಹಾಕುವವರ ನಡೆನುಡಿಯೂ ದಾಖಲಾಗುವಂತಾಯಿತು. ರಸ್ತೆಬದಿಯ ಚೌಕಾಸಿಗೆ ಇದರಿಂದ ಜಾಗ ಕಡಿಮೆಯಾದದ್ದು ಸಣ್ಣ ಮಾತಲ್ಲ.

ಆದರೆ ದಂಡ ಬಿದ್ದಷ್ಟು ಸುಲಭವಾಗಿ ವಸೂಲಾಗಲಿಲ್ಲ. ಬಾಕಿ ಬೆಟ್ಟದಷ್ಟು ಬೆಳೆದು, 2023ರ ಫೆಬ್ರುವರಿಯಲ್ಲಿ ಸರ್ಕಾರ ಶೇ 50ರ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು. ನೋಡುವ ಕೆಲಸ ಯಂತ್ರಕ್ಕೆ ಹೋದರೂ ವಸೂಲಿಯ ಕೆಲಸ ಪೊಲೀಸರ ಹೆಗಲಲ್ಲೇ ಉಳಿಯಿತು.

ಇನ್ನೊಂದು ಮಿತಿ ನಗರದಿಂದ ಹೊರಗೆ ಬಂದರೆ ಗೊತ್ತಾಗುತ್ತದೆ. ನಂಬರ್ ಪ್ಲೇಟ್ ಕಂಡರಷ್ಟೇ ಈ ಕ್ಯಾಮೆರಾಕ್ಕೆ ವಾಹನದ ಗುರುತು ಸಿಗುವುದು. ನನ್ನೂರು ರಾಯಬಾಗ ತಾಲ್ಲೂಕಿನ ಪಾಲಬಾವಿ. ಕಬ್ಬಿನ ಹಂಗಾಮಿನಲ್ಲಿ ಇಲ್ಲಿಯ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ರಾತ್ರಿಯಿಡೀ ಕಾರ್ಖಾನೆಗಳತ್ತ ಹೋಗುತ್ತವೆ. ಹೊರಗೆ ಚಾಚಿದ ಕಬ್ಬು ಹಿಂದಿನ ದೀಪವನ್ನೂ ನಂಬರನ್ನೂ ಮುಚ್ಚಿರುತ್ತದೆ. ಕೆಟ್ಟು ನಿಂತ ಟ್ರೇಲರು ಕತ್ತಲಲ್ಲಿ ಬೈಕಿನವನಿಗೆ ಕಾಣುವುದೇ ಇಲ್ಲ. ಅಲ್ಲಿ ಬೇಕಾದದ್ದು ಗಾಡಿ ನಿಲ್ಲಿಸಿ, ರಿಫ್ಲೆಕ್ಟರ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅಂಟಿಸಿ ಕಳಿಸುವ ಪೊಲೀಸ್. ಎರಡು ವಾರದ ಮೇಲೆ ಮಾಲೀಕನಿಗೆ ತಲುಪುವ ನೋಟಿಸು ಆ ರಾತ್ರಿ ಯಾರನ್ನೂ ಉಳಿಸದು.

ಆದ್ದರಿಂದ ಎಷ್ಟು ಕ್ಯಾಮೆರಾ ಬಂದವು ಎಂಬ ಲೆಕ್ಕದ ಜೊತೆಗೆ, ಅವುಗಳಿಂದ ಉಳಿದ ಪೊಲೀಸರ ಹೊತ್ತು ಯಾವ ರಸ್ತೆಗೆ ಸಲ್ಲುತ್ತಿದೆ ಎಂಬುದನ್ನೂ ಕೇಳಬೇಕು.